ನದಿಯಿಂದ ತೆಗೆದ ಮೂರು ಡಿಗ್ರಿಯನ್ನು ನದಿಗೇ ಹಿಂದಿರುಗಿಸುವ ಬಗ್ಗೆ

ಇಂದ:
ನೀರಿನ ತಾಪ ಮಾಪಕ (ದ್ವಿತೀಯ ದರ್ಜೆ),
ನದಿ ಈಜುಕಟ್ಟೆ, ಹಳೆಯ ಸೇತುವೆಯ ಕೆಳಗೆ, ಬಲದಂಡೆ.
(ಪ್ರಥಮ ದರ್ಜೆಯ ಮಾಪಕರ ಹುದ್ದೆ ಹನ್ನೊಂದು ವರ್ಷದಿಂದ ಖಾಲಿ ಇರುವುದರಿಂದ ಈ ಅರ್ಜಿಯನ್ನು ಅವರ ಮೂಲಕ ಸಲ್ಲಿಸಲು ಸಾಧ್ಯವಾಗಿರುವುದಿಲ್ಲ.)

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ನದಿ ಮತ್ತು ಉದ್ಯಾನ ವಿಭಾಗ,
ಪುರಸಭೆ ಕಟ್ಟಡ, ಎರಡನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಡೆ.

ದಿನಾಂಕ: ಈ ತಿಂಗಳ ಹನ್ನೊಂದು (ಬೆಳಿಗ್ಗೆ ಆರಕ್ಕೆ ನೀರು 19.4 ಡಿಗ್ರಿ)

ವಿಷಯ: ಈಜುಕಟ್ಟೆಯನ್ನು ಶಾಶ್ವತವಾಗಿ ಮುಚ್ಚುವ ಆದೇಶವನ್ನು ರದ್ದುಪಡಿಸಿ, ಬೇಸಿಗೆಯಿಡೀ ನಾನು ನದಿಯಿಂದ ಕಳೆಯುತ್ತ ಬಂದ ಮೂರು ಡಿಗ್ರಿಯನ್ನು ನದಿಗೆ ಮರಳಿಸಲು ಅನುಮತಿ ಕೋರಿ.

ಉಲ್ಲೇಖ:
1. ತಮ್ಮ ಕಚೇರಿಯ ಪ್ರಕಟಣೆ, ಈ ತಿಂಗಳ ಎಂಟನೇ ತಾರೀಖು, ಈಜುಕಟ್ಟೆಯ ಗೋಡೆಗೆ ಅಂಟಿಸಿದ್ದು, ಸ್ವಲ್ಪ ಓರೆಯಾಗಿ.
2. ಹೃದಯದ ವೈದ್ಯೆ ಬರೆದುಕೊಟ್ಟ ಚೀಟಿ.
3. ನನ್ನ ಅಕ್ಕ ಈಜುಕಟ್ಟೆಯ ಮೂರನೇ ಮೆಟ್ಟಿಲ ಮೇಲೆ ಕುಳಿತು ಮೌಖಿಕವಾಗಿ ಆಡಿದ ಮಾತು, ಈ ತಿಂಗಳ ಒಂಬತ್ತನೇ ತಾರೀಖು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ 1ರ ಪ್ರಕಟಣೆಯಲ್ಲಿ "ನದಿಯ ನೀರು ಕಾರಣ ತಿಳಿಯದೆ ತಣ್ಣಗಾಗಿದ್ದು ಸಾರ್ವಜನಿಕರ ಈಜಿಗೆ ಯೋಗ್ಯವಾಗಿ ಉಳಿದಿರುವುದಿಲ್ಲ" ಎಂದು ತಾವು ತಿಳಿಸಿರುತ್ತೀರಿ. ಕಾರಣ ತಿಳಿದಿದೆ. ಕಾರಣ ನಾನು. ನದಿ ತನ್ನ ಪಾಡಿಗೆ ತಾನು ಎಲ್ಲ ವರ್ಷದಂತೆ ಈ ವರ್ಷವೂ ಬೆಚ್ಚಗಾಗಿತ್ತು. ಅದನ್ನು ಹಲಗೆಯ ಮೇಲೆ ತಣ್ಣಗೆ ಮಾಡಿದವನು ಕೆಳಗೆ ಸಹಿ ಮಾಡಿರುವ ಅರ್ಜಿದಾರನೇ ಆಗಿರುತ್ತಾನೆ. ಇಷ್ಟು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಹನ್ನೊಂದು ವರ್ಷ ದಿನಕ್ಕೊಂದು ಅಂಕಿಯನ್ನಷ್ಟೇ ಬರೆದವನ ಕೈಗೆ ಇವತ್ತು ಪೂರ್ತಿ ಹಾಳೆಗಳು ಸಿಕ್ಕಿವೆ. ಆದ್ದರಿಂದ ವಿವರಗಳನ್ನು ಕ್ರಮವಾಗಿ ಸಲ್ಲಿಸುತ್ತಿದ್ದೇನೆ. ಕ್ರಮ ಅಲ್ಲಲ್ಲಿ ತಪ್ಪಿದರೆ ಮನ್ನಿಸಬೇಕು.

1. ತಾವು ಈ ವಿಭಾಗಕ್ಕೆ ಬಂದು ಏಳು ತಿಂಗಳಷ್ಟೇ ಆಗಿರುವ ಕಾರಣ ನನ್ನ ಕೆಲಸವೇನೆಂದು ಮೊದಲು ತಿಳಿಸುವುದು ಸೂಕ್ತ. ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಹಿತ್ತಾಳೆ ಕವಚದ ಉಷ್ಣಮಾಪಕವನ್ನು ಹಗ್ಗಕ್ಕೆ ಕಟ್ಟಿ, ಕಟ್ಟೆಯ ಕಂಬಿಯ ಪಕ್ಕದಿಂದ ನದಿಗೆ ಬಿಡುತ್ತೇನೆ. ಹಗ್ಗದಲ್ಲಿ ಒಂದು ಗಂಟು ಇದೆ. ಗಂಟು ನೀರು ಮುಟ್ಟಿದರೆ ಮಾಪಕ ಮೊಣಕೈಯಷ್ಟು ಆಳದಲ್ಲಿದೆ ಎಂದರ್ಥ. ಮೇಲ್ಮೈ ನೀರನ್ನು ಅಳೆಯಬಾರದು, ಅದು ಬಿಸಿಲು ಕಂಡರೆ ಸಾಕು ಹಿಗ್ಗುತ್ತದೆ. ಮೂರು ನಿಮಿಷ ಕಾದು ಮೇಲೆತ್ತಬೇಕು. ಕವಚದ ತಳದಲ್ಲಿ ಒಂದು ಪುಟ್ಟ ಬಟ್ಟಲಿದ್ದು ಅದರಲ್ಲಿ ನದಿಯ ನೀರು ಸ್ವಲ್ಪ ಮೇಲಕ್ಕೂ ಬರುತ್ತದೆ, ಅದು ತಣಿಯುವ ಮುಂಚೆ ಅಂಕಿಯನ್ನು ಓದಿಬಿಡಬೇಕು. ಓದಿದ್ದನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅದನ್ನೇ ದಾಖಲೆ ಪುಸ್ತಕಕ್ಕೂ ಇಳಿಸುತ್ತೇನೆ. ಒಟ್ಟು ಹನ್ನೆರಡು ನಿಮಿಷದ ಕೆಲಸ. ಉಳಿದ ಏಳು ಗಂಟೆ ನಲವತ್ತೆಂಟು ನಿಮಿಷ, "ನೀರು ಹೇಗಿದೆ" ಎಂದು ಕೇಳುವವರಿಗೆ ಹಲಗೆಯ ಕಡೆ ಬೆರಳು ತೋರಿಸುವುದು. ಊರಿನವರು ನನ್ನನ್ನು 'ಡಿಗ್ರಿ' ಎಂದು ಕರೆಯುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತದವನಿಗೆ ಇದು ಸಣ್ಣ ಮರ್ಯಾದೆಯೇನಲ್ಲ.

2. ನದಿಯ ಸ್ವಭಾವದ ಬಗ್ಗೆಯೂ ಎರಡು ಮಾತು ಅವಶ್ಯ. ಗಾಳಿ ಬಿಸಿಯಾದ ಮಾತ್ರಕ್ಕೆ ನೀರು ಬಿಸಿಯಾಗುವುದಿಲ್ಲ. ಜನ ಸ್ವೆಟರ್ ಮಡಚಿಟ್ಟು ಮೂರು ವಾರವಾದರೂ ನದಿ ಇನ್ನೂ ಚಳಿಗಾಲದಲ್ಲೇ ಇರುತ್ತದೆ. ಅದು ನಮ್ಮ ಕಚೇರಿಯ ಹಾಗೆ, ಸುದ್ದಿ ತಲುಪುವುದು ನಿಧಾನ, ತಲುಪಿದ ಮೇಲೆ ಬಿಡುವುದೂ ನಿಧಾನ. ಚಳಿಗಾಲದ ನಡುವೆ 5 ಡಿಗ್ರಿ. ಮರಗಳು ಚಿಗುರುವಾಗ 10ರಿಂದ 14. ಬೇಸಿಗೆಯ ಎರಡೂವರೆ ತಿಂಗಳು 18ರಿಂದ 21ರ ಆಸುಪಾಸು. ಎಲೆ ಹಣ್ಣಾಗುವ ಈಗಿನ ದಿನಗಳಲ್ಲಿ ಮೂರು ದಿನಕ್ಕೆ ಅರ್ಧ ಡಿಗ್ರಿಯಂತೆ ಇಳಿಕೆ. ಕಚೇರಿಯ ಕೋಷ್ಟಕದ ಪ್ರಕಾರ 12ಕ್ಕಿಂತ ಕೆಳಗೆ ಯಾರೂ ನೀರಿಗಿಳಿಯಕೂಡದು. 12ರಿಂದ 18ರವರೆಗೆ ಅಭ್ಯಾಸವಿದ್ದವರು ತಮ್ಮ ಹೊಣೆಯ ಮೇಲೆ ಇಳಿಯಬಹುದು. 18ರ ಮೇಲೆ ಎಲ್ಲರಿಗೂ 'ಯೋಗ್ಯ'. ಈ ಹದಿನೆಂಟನ್ನು ತಾವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ನನ್ನ ಕಥೆಯೆಲ್ಲ ಅದರ ಅಂಚಿನಲ್ಲೇ ನಿಂತಿದೆ.

3. ನನ್ನ ಅಕ್ಕನವರ ಪರಿಚಯ: ವಯಸ್ಸು ಅರವತ್ತೆರಡು, ನನಗಿಂತ ಹತ್ತು ವರ್ಷ ಹಿರಿಯರು. ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಅಂಗಡಿ ಇಟ್ಟುಕೊಂಡಿದ್ದಾರೆ. ನನ್ನ ದಾಖಲೆ ಪುಸ್ತಕವೂ ಅವರೇ ಹೊಲಿದದ್ದು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವಿಬ್ಬರೂ ವಾಸವಾಗಿರುತ್ತೇವೆ. ಅಮ್ಮ ಹೋದಾಗ ನನಗೆ ಎಂಟು, ಅಕ್ಕನಿಗೆ ಹದಿನೆಂಟು. ನನ್ನ ಮೂಗು ಒರೆಸಿದವರು, ಲೆಕ್ಕ ಹೇಳಿಕೊಟ್ಟವರು, ಈ ಕೆಲಸಕ್ಕೆ ಅರ್ಜಿ ತುಂಬಿಸಿದವರು ಅವರೇ. ಅವರು ತಮಗಾಗಿ ಇಟ್ಟುಕೊಂಡದ್ದು ಒಂದೇ, ಬೆಳಗಿನ ಅರ್ಧ ಗಂಟೆಯ ಈಜು. ನಲವತ್ತು ವರ್ಷದಿಂದ ಅದೇ ಮೂರನೇ ಮೆಟ್ಟಿಲ ಮೇಲೆ ಟವೆಲ್ ಇಟ್ಟು ನೀರಿಗಿಳಿದವರು. ಅವರನ್ನು ಇಲ್ಲಿ ಬಹುವಚನದಲ್ಲಿ ಬರೆಯುತ್ತಿರುವುದು ಕಚೇರಿಯ ಮರ್ಯಾದೆಗೆ. ಮುಂದೆ ಎಲ್ಲಾದರೂ ಕೈತಪ್ಪಿ ಏಕವಚನ ನುಸುಳಿದರೆ ಅಲ್ಲಿ ಅರ್ಜಿದಾರನಿಗೆ ದುಃಖವಾಗಿದೆ ಎಂದು ಭಾವಿಸತಕ್ಕದ್ದು.

3(ಅ). ಅರ್ಜಿದಾರನಿಗೆ ಈಜು ಬರುವುದಿಲ್ಲ. ಇದನ್ನು ಪ್ರತ್ಯೇಕ ಅಂಶವಾಗಿಯೇ ಬರೆಯುವುದು ಒಳ್ಳೆಯದು. ಒಂಬತ್ತನೇ ವಯಸ್ಸಿನಲ್ಲಿ ಅಕ್ಕ ಕಲಿಸಲು ನೋಡಿದರು. ಎರಡು ಗುಟುಕು ನೀರು ಮೂಗಿಗೆ ಹೋದದ್ದೇ ತಡ, ನಾನು ಕಾಲಿಗೆ ಬುದ್ಧಿ ಹೇಳಿದವನು ಮನೆಯ ಅಟ್ಟದ ಮೇಲೆ ನಿಂತೆ. ನೇಮಕಾತಿಯ ನಿಯಮಗಳಲ್ಲಿ ತಾಪ ಮಾಪಕನಿಗೆ ಈಜು ಬರಬೇಕೆಂದು ಎಲ್ಲೂ ಹೇಳಿಲ್ಲ. ಎರಡು ಸಲ ಓದಿ ನೋಡಿಯೇ ಕೆಲಸಕ್ಕೆ ಸೇರಿದ್ದೇನೆ.

4. ಈ ವರ್ಷ ಮರಗಳು ಚಿಗುರುವ ಕಾಲದಲ್ಲಿ, ನೀರು 13.5 ಇದ್ದ ಒಂದು ಬೆಳಿಗ್ಗೆ, ಅಕ್ಕನವರು ಈಜುತ್ತಿದ್ದಾಗ ನಡುನೀರಿನಲ್ಲಿ ಅವರ ಕೈ ನಿಂತುಹೋಯಿತು. ಎದೆ ಹಿಡಿದುಕೊಂಡಿತ್ತು. ಜೊತೆಗೆ ಈಜುತ್ತಿದ್ದ ಕ್ಷೌರಿಕರು ಅವರ ಕತ್ತಿನ ಹಿಂದೆ ತೋಳು ಹಾಕಿ ದಡಕ್ಕೆ ಎಳೆದುತಂದರು. ಆ ಹೊತ್ತಿನಲ್ಲಿ ಕಟ್ಟೆಯ ಮೇಲಿದ್ದ ನಾನು ಏನು ಮಾಡಿದೆ ಎಂಬುದು ಈ ಅರ್ಜಿಗೆ ಸಂಬಂಧಿಸಿದ ವಿಷಯವಲ್ಲ.

5. ಆಸ್ಪತ್ರೆಯಿಂದ ಬಿಡುವಾಗ ಹೃದಯದ ವೈದ್ಯೆ ಹೇಳಿದ್ದು ಹೀಗೆ: "ಈಜು ಬಿಡಿ ಅಂತ ನಾನು ಹೇಳಲ್ಲಮ್ಮ. ನಿಮಗದು ಒಳ್ಳೇದೇ. ಆದ್ರೆ ತಣ್ಣೀರು ಬೇಡ. ಹದಿನೆಂಟು ಡಿಗ್ರಿ ದಾಟಿದ್ಮೇಲೆ ಇಳೀರಿ, ಅರ್ಧ ಗಂಟೆ ಸಾಕು. ಪಕ್ಕದಲ್ಲಿ ಈಜು ಬರೋರು ಒಬ್ರು ಇರ್ಲಿ." ಆಮೇಲೆ ನನ್ನ ಕಡೆ ತಿರುಗಿ, "ತಮ್ಮ ಇದಾರಲ್ಲ, ಚೆನ್ನಾಯ್ತು" ಎಂದರು. ನಾನು ತಲೆಯಾಡಿಸಿದೆ. ಅಕ್ಕ ನನ್ನ ಮುಖ ನೋಡಿದರು.

6. ಅಲ್ಲಿಂದ ಎರಡು ತಿಂಗಳು ಅಕ್ಕನವರು ದಿನವೂ ಬೆಳಿಗ್ಗೆ ಬಂದು, ಟವೆಲನ್ನು ತೊಡೆಯ ಮೇಲಿಟ್ಟುಕೊಂಡು, ಪಾದ ಮಾತ್ರ ನೀರಿಗೆ ಬಿಟ್ಟು ಕುಳಿತು, ಹಲಗೆಯ ಮೇಲಿನ ಅಂಕಿ ಏರುವುದನ್ನು ಕಾಯುತ್ತಿದ್ದರು. ಹದಿನಾಲ್ಕು, ಹದಿನೈದೂವರೆ, ಹದಿನೇಳು. "ಹತ್ರ ಬಂತು ಕಣೋ" ಎನ್ನುತ್ತಿದ್ದರು. ಅವರ ಮುಖ ದಿನದಿನಕ್ಕೆ ಅರಳುತ್ತಿತ್ತು. ಒಂದು ಬೆಳಿಗ್ಗೆ ಮಾಪಕ ಎತ್ತಿ ನೋಡಿದರೆ 18.1. ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತೆ. ಬೆನ್ನ ಹಿಂದೆ ಮೂರನೇ ಮೆಟ್ಟಿಲಿತ್ತು. ನನ್ನ ಕೈ 15.1 ಎಂದು ಬರೆಯಿತು.

ಮೂರೇ ಯಾಕೆ ಎಂದು ವಿಚಾರಣೆಯಲ್ಲಿ ಕೇಳಬಹುದು. ಹನ್ನೊಂದು ವರ್ಷದಲ್ಲಿ ಈ ನದಿ 20.9ರ ಮೇಲೆ ಹೋದದ್ದಿಲ್ಲ. ಮೂರು ಕಳೆದರೆ ಯಾವ ದಿನವೂ ಹದಿನೆಂಟು ಮುಟ್ಟುವುದಿಲ್ಲ. ಸುಳ್ಳನ್ನಾದರೂ ನಾನು ಅಳತೆ ಮಾಡಿಯೇ ಹೇಳಿದ್ದೇನೆ ಎಂಬುದನ್ನು ತಾವು ಪರಿಗಣಿಸಬೇಕು.

7. ಹಿಂದಿನ ದಿನ 17.8 ಇದ್ದ ನೀರು ರಾತ್ರಿ ಕಳೆಯುವುದರೊಳಗೆ ಅಷ್ಟು ಇಳಿದದ್ದು ಹೇಗೆ ಎಂದು ನಿವೃತ್ತ ಅಂಚೆ ಮಾಸ್ತರರು ಹುಬ್ಬುಗಂಟಿಕ್ಕಿ ಕೇಳಿದರು. ಇವರು ಕ್ಷೌರಿಕರ ಜೊತೆ ದಿನವೂ ಈಜುವವರು, ಯಾವ ವಿಷಯಕ್ಕೂ ಪತ್ರ ಬರೆಯುವವರು. ನನ್ನ ಬಾಯಿಗೆ ಬಂದದ್ದು, "ಮೇಲಿನ ಅಣೆಕಟ್ಟೆಯವರು ತಳದ ನೀರು ಬಿಟ್ಟಿರ್ಬೇಕು ಸಾರ್." ತಳದ ನೀರು ತಣ್ಣಗಿರುತ್ತದೆ ಎಂಬುದು ನಿಜ. ಬಿಟ್ಟಿದ್ದರು ಎಂಬುದು ಮಾತ್ರ ಸುಳ್ಳು. ಈ ಒಂದು ಮಾತಿನಿಂದ ಉಂಟಾದ ಪರಿಣಾಮಗಳು ಈ ಕೆಳಗಿನಂತಿವೆ.

ಅಂಚೆ ಮಾಸ್ತರರು ಅಣೆಕಟ್ಟೆಯ ಎಂಜಿನಿಯರರಿಗೆ ಮೂರು ಪತ್ರ ಬರೆದರು. ಮೂರನೆಯದರಲ್ಲಿ 'ನೀವು ಮನುಷ್ಯರೇ' ಎಂಬ ವಾಕ್ಯವಿತ್ತು ಎಂದು ಅವರೇ ಓದಿ ಹೇಳಿದರು. ಎಂಜಿನಿಯರರು "ನಾವು ಒಂದು ಹನಿಯನ್ನೂ ಬಿಟ್ಟಿಲ್ಲ" ಎಂದು ಉತ್ತರಿಸಿದರು. ಅಧಿಕಾರಿಗಳು ನಿಜ ಹೇಳುವುದುಂಟೇ ಎಂದು ಯಾರೂ ನಂಬಲಿಲ್ಲ.

ಇಪ್ಪತ್ತು ಡಿಗ್ರಿ ನೀರಿನಲ್ಲಿ ಈಜಿ ಮೇಲೆ ಬಂದ ಕ್ಷೌರಿಕರು ಹಲಗೆಯಲ್ಲಿ 17 ನೋಡಿದ ಮೇಲೆ ಗಡಗಡ ನಡುಗಿದರು. ಅವತ್ತು ಅಂಗಡಿಯಲ್ಲಿ ಒಬ್ಬರ ಮೀಸೆಯ ಎಡಗಡೆ ಸ್ವಲ್ಪ ಹೆಚ್ಚು ಹೋಯಿತಂತೆ. ಮಕ್ಕಳನ್ನು ಕರೆದುಕೊಂಡು ಬಂದ ಸಂಸಾರವಂದಿಗರು ದೂರದಿಂದಲೇ ಹಲಗೆ ಓದಿ ಹಿಂದಿರುಗಿದರು. ಎಷ್ಟೋ ಮಕ್ಕಳು ಕಟ್ಟೆಯ ಮೇಲೆ ನಿಂತು ಅತ್ತವು. ಅವುಗಳ ಮುಖ ನೋಡಲಾರದೆ ನಾನು ದಾಖಲೆ ಪುಸ್ತಕದ ಗೆರೆ ನೋಡುತ್ತಿದ್ದೆ.

ಮೀನುಗಾರಿಕೆ ಇಲಾಖೆಯವರು ನನ್ನ ಪುಸ್ತಕದ ನಕಲು ತರಿಸಿಕೊಂಡು, ತಣ್ಣೀರಿನಲ್ಲಿ ಬೆಳೆಯುವ ಮೀನಿನ ಮರಿಗಳನ್ನು ನಾಲ್ಕು ಡ್ರಮ್ಮುಗಳಲ್ಲಿ ತಂದು ಬಿಟ್ಟರು. ಒಂದು ಪುಟ್ಟ ಭಾಷಣವೂ ಆಯಿತು. ಮರಿಗಳು ಪುಸ್ತಕ ಓದದೆ ಬರೀ ನೀರನ್ನು ನೋಡಿ, ಭಾಷಣ ಮುಗಿಯುವ ಮುಂಚೆಯೇ ನದಿಯ ಮೇಲ್ಗಡೆಗೆ ಕಾಲ್ಕಿತ್ತವು. ಇಡೀ ಊರಿನಲ್ಲಿ ನನ್ನ ಹಲಗೆಯನ್ನು ನಂಬದವರು ಅವು ಮಾತ್ರ ಎಂದು ಆಗ ನಾನು ಭಾವಿಸಿದ್ದೆ.

ಕೊನೆಯದಾಗಿ ತಮ್ಮ ತಪಾಸಣೆ. ಅಂದು ಹಲಗೆಯಲ್ಲಿ 17.3, ನೀರಿನಲ್ಲಿ 20.3. ತಾವು ಮೊದಲು ಹಲಗೆ ಓದಿ, ಆಮೇಲೆ ಬಲಗೈಯ ತೋರುಬೆರಳನ್ನು ನೀರಿಗೆ ಅದ್ದಿ, "ಅಬ್ಬಬ್ಬ, ಮೂಳೆ ಕೊರೀತಿದೆ ಕಣ್ರೀ" ಎಂದು ಚಹಾ ಕೇಳಿರುತ್ತೀರಿ. ಸದರಿ ಬೆರಳಿನ ಅಭಿಪ್ರಾಯವನ್ನೇ ಪ್ರಕಟಣೆಯ ಎರಡನೇ ಕಂಡಿಕೆಯಲ್ಲಿ 'ಖುದ್ದು ಪರಿಶೀಲನೆ' ಎಂದು ದಾಖಲಿಸಲಾಗಿದೆ. ನಾನು ಬೆರಳನ್ನು ದೂರುತ್ತಿಲ್ಲ. ಅದೂ ನನ್ನ ಹಾಗೆಯೇ ಹೆದರಿತ್ತು ಅಷ್ಟೇ.

8. ಬೇಸಿಗೆಯ ಉತ್ತುಂಗದಲ್ಲಿ ಒಂದು ದಿನ, ಸೇತುವೆಯ ಡಾಂಬರು ಚಪ್ಪಲಿಗೆ ಅಂಟುತ್ತಿದ್ದ ಹೊತ್ತಿನಲ್ಲಿ, ನದಿ ನನ್ನ ಹನ್ನೊಂದು ವರ್ಷದ ದಾಖಲೆ ಮುರಿದು 21.2ಕ್ಕೆ ಏರಿತು. ಮೂರು ಕಳೆದರೆ 18.2. ಅಕ್ಕ ಮೂರನೇ ಮೆಟ್ಟಿಲಿನಿಂದ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು 17.9 ಎಂದು ಬರೆದೆ. ಆ ಹೆಚ್ಚುವರಿ 0.3 ಡಿಗ್ರಿಯನ್ನು ಪ್ರತ್ಯೇಕವಾಗಿ ಒಪ್ಪಿಕೊಳ್ಳುತ್ತಿದ್ದೇನೆ.

"ಒಂದು ಪಾಯಿಂಟಲ್ಲಿ ತಪ್ಪೋಯ್ತು, ಅಲ್ವೇನೋ?" ಎಂದರು ಅಕ್ಕ.

"ಹೂಂ ಅಕ್ಕ. ನದಿ ನಮ್ಮ ಮಾತು ಕೇಳ್ಬೇಕಲ್ಲ."

"ಪಾಪ, ಅದೇನು ಮಾಡುತ್ತೆ" ಎಂದು ಟವೆಲ್ ಮಡಚಿಕೊಂಡು, ಒದ್ದೆಯೇ ಆಗದ ಅದನ್ನು ಬಗಲಿಗೆ ಹಾಕಿಕೊಂಡು ಅಂಗಡಿ ತೆರೆಯಲು ಹೋದರು. ಅವರ ಬೆನ್ನು ನೋಡುತ್ತ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಆದರೆ ಬದುಕಿರುವ ಬೆನ್ನು ಎಂದೂ ಅನ್ನಿಸಿತು. ಎರಡೂ ನಿಜ, ಯಾವುದನ್ನೂ ಹೊಡೆದುಹಾಕುತ್ತಿಲ್ಲ.

9. ಹೀಗಿರುವಲ್ಲಿ ಎಂಟನೇ ತಾರೀಖು ತಮ್ಮ ಪ್ರಕಟಣೆ ಬಂತು. ಮುಂದಿನ ತಿಂಗಳ ಒಂದರಂದು ಕಟ್ಟೆಯನ್ನು ಕೆಡವಿ ಬೇಲಿ ಹಾಕುವುದು, ಅಲ್ಲಿಯವರೆಗೆ ಯಾರೂ ನೀರಿಗಿಳಿಯದಂತೆ ಮೆಟ್ಟಿಲಿಗೆ ಅಡ್ಡಲಾಗಿ ಸರಪಳಿ ಬಿಗಿಯುವುದು. ಅಂದೇ ಸಂಜೆ ಹಲಗೆಯನ್ನು ಉಗ್ರಾಣಕ್ಕೆ ಒಯ್ದರು. ಅಳತೆ ನಿಲ್ಲಿಸಲು ಆದೇಶ ಬಾರದ ಕಾರಣ ಒಂಬತ್ತರ ಬೆಳಿಗ್ಗೆಯೂ ನಾನು ಮಾಪಕ ಇಳಿಸಿದೆ. ಅಕ್ಕನವರು ಸರಪಳಿಯ ಈಚೆ, ಮೂರನೇ ಮೆಟ್ಟಿಲ ಮೇಲೆ ಬಂದು ಕುಳಿತರು. ಟವೆಲ್ ತಂದಿರಲಿಲ್ಲ. ಮುಂದೆ ನಡೆದ ಸಂಭಾಷಣೆಯನ್ನು ಉಲ್ಲೇಖ 3ರಂತೆ ಯಥಾವತ್ತಾಗಿ ಸಲ್ಲಿಸಲಾಗಿದೆ.

"ಎಷ್ಟಿದೆ ಇವತ್ತು?"

"ಹದಿನಾರು ಪಾಯಿಂಟ್ ಏಳು."

"ಅದು ಹಲಗೇದು. ಹಲಗೇನ ನಿನ್ನೇನೇ ಹೊತ್ಕೊಂಡು ಹೋದ್ರಲ್ಲ. ನೀರಿಂದು ಹೇಳು."

ಅಕ್ಕ ಬಗ್ಗಿ, ಸರಪಳಿಯ ಕೆಳಗಿನಿಂದ ಕಾಲು ಚಾಚಿ, ಪಾದವನ್ನು ನೀರಿಗೆ ತಾಗಿಸಿದರು.

"ನಾನು ಹೇಳ್ಲಾ? ಹತ್ತೊಂಬತ್ತೂವರೆ ಮೇಲೆ, ಇಪ್ಪತ್ತರ ಒಳಗೆ."

ನನ್ನ ಕೈಯಲ್ಲಿದ್ದ ಮಾಪಕ 19.7 ತೋರಿಸುತ್ತಿತ್ತು. "ಯಾವಾಗಿಂದ ಗೊತ್ತು ನಿನಗೆ?" ಎಂದೆ.

"ಮೊದಲ್ನೇ ದಿನದಿಂದ. ನಲವತ್ತು ವರ್ಷ ಈ ನೀರಿಗೆ ಇಳಿದಿರೋಳು ನಾನು. ಅಣೆಕಟ್ಟೆ ನೀರಂತೆ. ಆ ಎಂಜಿನಿಯರ್ ಪಾಪ, ಯಾರಿಗೆ ಏನು ಮಾಡಿದ್ದ?"

"ಮತ್ತೆ ಇಳೀಬಹುದಿತ್ತಲ್ಲ ಅಕ್ಕ. ಡಾಕ್ಟ್ರೇ ಹೇಳಿದ್ರಲ್ಲ."

"ಹದಿನೈದು ಅಂತ ನೀನು ಬರೆದಿರೋ ನೀರಿಗೆ ನಿನ್ನಕ್ಕನೇ ಇಳಿದ್ರೆ ಊರವರು ಏನಂತಾರೆ? ಡಾಕ್ಟ್ರು ನನಗೆ ಏನು ಹೇಳಿದಾರೆ ಅಂತ ಎಲ್ಲರಿಗೂ ಗೊತ್ತು. ಹಲಗೆ ಸುಳ್ಳು ಅಂತ ಒಂದೇ ದಿನದಲ್ಲಿ ಗೊತ್ತಾಗ್ತಿತ್ತು. ಹನ್ನೊಂದು ವರ್ಷ ಒಂದಂಕಿ ತಪ್ಪು ಬರೆದೋನಲ್ಲ ನೀನು. ಆ ಪುಸ್ತಕ ಹೊಲಿದೋಳು ನಾನು. ಒಂದು ಬೇಸಿಗೆ ಈಜದೆ ಇದ್ರೆ ಏನೂ ಮುಳುಗಿ ಹೋಗಲ್ಲ ಅಂದ್ಕೊಂಡೆ." ಪಾದವನ್ನು ನೀರಿನಿಂದ ಮೇಲಕ್ಕೆಳೆದುಕೊಂಡು ಹೇಳಿದಳು: "ಕಟ್ಟೇನೇ ಕೆಡವ್ತಾರೆ ಅಂತ ನನಗೇನು ಗೊತ್ತಿತ್ತು. ಇನ್ನೆಷ್ಟು ಬೇಸಿಗೆ ಇದಾವೋ ನನಗೆ."

ಮಾನ್ಯರೇ, ನಾನು ಕಂಬಿ ಹಿಡಿದುಕೊಂಡು ಅತ್ತೆ. ಕರ್ತವ್ಯದ ಅವಧಿಯಲ್ಲಿ, ಮಾಪಕ ನೀರಿನಲ್ಲಿ ಇರಬೇಕಾದಷ್ಟು ಹೊತ್ತು. ಅಷ್ಟು ಹೊತ್ತನ್ನು ನನ್ನ ರಜೆಯಲ್ಲಿ ಮುರಿದುಕೊಳ್ಳಬಹುದು. ಅವಳು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ಅತ್ತಿದ್ದು ಸಾಕು" ಎಂದಳು. "ಹೋಗಿ ಅರ್ಜಿ ಬರಿ. ನಿಜ ಬರಿ. ಆಮೇಲೆ ಈಜು ಕಲಿ. ನಿನಗೆ ಈಜು ಬಂದಿದ್ರೆ ಇಷ್ಟೆಲ್ಲ ರಾಮಾಯಣ ಆಗ್ತಿರ್ಲಿಲ್ಲ."

4 (ಮುಂದುವರಿದದ್ದು). ನಿಜ ಬರಿ ಎಂದು ಹೇಳಿರುವ ಕಾರಣ, ಅಂಶ 4ರ ಕೊನೆಯ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಆ ಹೊತ್ತಿನಲ್ಲಿ ನಾನು ಮಾಡಿದ್ದು ಈ ಅರ್ಜಿಗೆ ಸಂಬಂಧಿಸಿದ್ದೇ. ಅಕ್ಕನ ತಲೆ ಒಮ್ಮೆ ಮುಳುಗಿ ಮೇಲೆ ಬಂತು. ನಾನು ಹಾರಲಿಲ್ಲ. ಕೂಗಲೂ ಇಲ್ಲ. ಕೈಯಲ್ಲಿದ್ದ ಹಗ್ಗವನ್ನು ಎಳೆದು, ಮಾಪಕವನ್ನು ಮೇಲೆತ್ತಿ, 13.5 ಎಂದು ಓದಿದೆ. ನನಗೆ ಬರುತ್ತಿದ್ದ ಕೆಲಸ ಅದೊಂದೇ. ಅಂಶ 4ರಲ್ಲಿ ಕೊಟ್ಟಿರುವ ಅಂಕಿ ಅಷ್ಟು ನಿಖರವಾಗಿರಲು ಕಾರಣ ಅದೇ. ಬೇಸಿಗೆಯಿಡೀ ಹಲಗೆಯ ಮುಂದೆ ನಿಂತಾಗ ನನಗೆ ಭಯವಾದದ್ದು ನೀರಿನ ಬಗ್ಗೆ ಅಲ್ಲ. ಇನ್ನೊಮ್ಮೆ ಹಾಗಾದರೆ ಇನ್ನೊಮ್ಮೆಯೂ ನಾನು ಅಂಕಿಯನ್ನೇ ಓದುತ್ತೇನೆ ಎಂಬ ಭಯ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಹಾಗೂ ಇಲ್ಲಿ ಬರೆಯಲಾಗದ ಒಂದೆರಡು ಕಾರಣಗಳಿಂದಲೂ, ತಮ್ಮಲ್ಲಿ ಪ್ರಾರ್ಥಿಸಿಕೊಳ್ಳುವುದೇನೆಂದರೆ:

(ಅ) ಉಲ್ಲೇಖ 1ರ ಪ್ರಕಟಣೆಯನ್ನು ರದ್ದುಗೊಳಿಸಿ ಸರಪಳಿಯನ್ನು ತೆಗೆಸಬೇಕು. ನದಿ ನಿರಪರಾಧಿ.

(ಆ) ದಾಖಲೆ ಪುಸ್ತಕದಲ್ಲಿ 15.1 ಎಂದು ಬರೆದ ದಿನದಿಂದ ಹಿಡಿದು ಈ ತಿಂಗಳ ಎಂಟರವರೆಗಿನ ಪ್ರತಿ ಅಂಕಿಗೂ ಕೆಂಪು ಶಾಯಿಯಲ್ಲಿ ಮೂರು ಕೂಡಿಸಿ (ಒಂದು ದಿನ ಮಾತ್ರ 3.3) ಸಹಿ ಮಾಡಲು ನನಗೆ ಅನುಮತಿ ನೀಡಬೇಕು. ಹಲಗೆಯನ್ನು ಉಗ್ರಾಣದಿಂದ ವಾಪಸು ಕೊಡಿಸಬೇಕು.

(ಇ) ಅಣೆಕಟ್ಟೆಯ ಎಂಜಿನಿಯರರಿಗೆ ವಿಭಾಗದ ಪರವಾಗಿ ಕ್ಷಮಾಪಣೆ ಕಳುಹಿಸಬೇಕು. ಅದನ್ನು ಅಂಚೆ ಮಾಸ್ತರರ ಕೈಲಿ ಬರೆಸದಿರುವುದು ಒಳ್ಳೆಯದು.

(ಈ) ನನ್ನ ಮೇಲೆ ಯಾವ ಶಿಸ್ತು ಕ್ರಮ ಕೈಗೊಂಡರೂ ತಲೆಬಾಗುತ್ತೇನೆ. ಆದರೆ ವರ್ಗಾವಣೆ ಮಾಡುವುದಾದರೆ ಜನನ ಮರಣ ನೋಂದಣಿ ಶಾಖೆಗೆ ಮಾತ್ರ ಬೇಡ. ಹೆದರಿದಾಗ ಮೂರು ಕಳೆಯುವ ಅಭ್ಯಾಸ ಅಲ್ಲಿ ಅನಾಹುತಕ್ಕೆ ಕಾರಣವಾದೀತು.

(ಉ) ದಿನವೂ ಬೆಳಿಗ್ಗೆ ಆರೂವರೆಯಿಂದ ಏಳರವರೆಗೆ ನಾನು ನೀರಿನೊಳಗೆ ಇರಲು ಅನುಮತಿ ನೀಡಬೇಕು. ಅಕ್ಕನವರು ಕಲಿಸಲು ಒಪ್ಪಿರುತ್ತಾರೆ. ಅವರೂ ನೀರಿನಲ್ಲಿ ಇರುವುದರಿಂದ, ವೈದ್ಯೆ ಹೇಳಿದ 'ಈಜು ಬರುವವರು' ಎಂಬ ಸ್ಥಾನಕ್ಕೆ ಕ್ಷೌರಿಕರು ಅಂಗಡಿ ತಡವಾಗಿ ತೆರೆಯಲು ಸಮ್ಮತಿಸಿದ್ದಾರೆ. ಅವರ ಮುಂದೆ ನಾನು ಮುಳುಗುವುದೂ ತೇಲುವುದೂ ಊರಿಗೆಲ್ಲ ಗೊತ್ತಾಗುತ್ತದೆ ಎಂದು ತಿಳಿದೇ ಒಪ್ಪಿದ್ದೇನೆ. ಈ ಸಲುವಾಗಿ ಉಗ್ರಾಣದಲ್ಲಿರುವ, ಬಾತುಕೋಳಿಯ ತಲೆಯುಳ್ಳ ಹಳದಿ ತೇಲುಬಳೆ ಒಂದನ್ನು ನನ್ನ ಹೆಸರಿಗೆ ಮಂಜೂರು ಮಾಡಬೇಕು. ಅದು ಹತ್ತು ವರ್ಷದೊಳಗಿನ ಮಕ್ಕಳಿಗೆಂದು ಅದರ ಮೇಲೆ ಬರೆದಿದೆ. ಈಜಿನ ಮಟ್ಟಿಗೆ ಅರ್ಜಿದಾರನ ವಯಸ್ಸು ಒಂಬತ್ತಕ್ಕೇ ನಿಂತಿದೆ ಎಂಬುದನ್ನು ಅಂಶ 3(ಅ)ದಲ್ಲಿ ರುಜುವಾತುಪಡಿಸಲಾಗಿದೆ.

ಸದರಿ ಅರ್ಜಿಯನ್ನು ತುರ್ತು ಎಂದು ಪರಿಗಣಿಸಲು ಕೋರಿಕೆ. ನಮ್ಮ ಕಚೇರಿಯಲ್ಲಿ ಒಂದು ಕಾಗದ ಕೆಳಗಿನ ಮಹಡಿಯಿಂದ ತಮ್ಮ ಮೇಜಿಗೆ ಬರಲು ಮೂರು ವಾರ ಬೇಕು ಎಂದು ಬಲ್ಲೆ. ಆದರೆ ನದಿ ಈಗ ಇಳಿಯುವ ಹಾದಿಯಲ್ಲಿದೆ. ಇಂದು 19.4, ಮೂರು ದಿನಕ್ಕೆ ಅರ್ಧ ಡಿಗ್ರಿ. ಎಂಟು ದಿನ ಕಳೆದ ಮೇಲೆ ಅದು ಹದಿನೆಂಟು ದಾಟಿ ಕೆಳಗಿಳಿಯುತ್ತದೆ. ಆಮೇಲೆ ತಾವು ಎಷ್ಟೇ ಒಳ್ಳೆಯ ಆದೇಶ ಹೊರಡಿಸಿದರೂ ಅಕ್ಕ ಮುಂದಿನ ಬೇಸಿಗೆಯವರೆಗೆ ಮೂರನೇ ಮೆಟ್ಟಿಲ ಮೇಲೆ ಕಾಯಬೇಕು. ಅವಳ ಒಂದು ಬೇಸಿಗೆಯನ್ನು ನಾನು ಈಗಾಗಲೇ ತಿಂದಿದ್ದೇನೆ. ಉಳಿದಿರುವುದು ಈ ಎಂಟು ಬೆಳಿಗ್ಗೆ ಮಾತ್ರ. ಅಷ್ಟನ್ನಾದರೂ ಅವಳಿಗೆ ಕೊಡಿಸಿ.

ಇಂತಿ, ಕೆಳಗಿನ ಪದಕ್ಕೆ ಇನ್ನೂ ನಾನು ಅರ್ಹನೆಂದು ತಾವು ತೀರ್ಮಾನಿಸುವವರೆಗೆ ಆವರಣ ಚಿಹ್ನೆಯೊಳಗೇ ಇರುವ,

(ತಮ್ಮ ವಿಶ್ವಾಸಿ)

ನೀರಿನ ತಾಪ ಮಾಪಕ, ದ್ವಿತೀಯ ದರ್ಜೆ

ಲಗತ್ತುಗಳು:
1. ಹೃದಯದ ವೈದ್ಯೆಯ ಚೀಟಿಯ ನಕಲು.
2. 'ನಾವು ಒಂದು ಹನಿಯನ್ನೂ ಬಿಟ್ಟಿಲ್ಲ' ಎಂಬ ಅಣೆಕಟ್ಟೆಯ ಪತ್ರ. ಇದನ್ನು ಈಗ ನಂಬಬಹುದು.
3. ಅರ್ಧ ಸವೆದ ಸೀಮೆಸುಣ್ಣ, ಒಂದು ತುಂಡು.
4. ರಟ್ಟು ಕಟ್ಟುವಾಗ ಕತ್ತರಿಸಿ ಉಳಿದ ಕಾಗದದ ಪಟ್ಟಿಗಳು, ದಾರದಲ್ಲಿ ಹೊಲಿದದ್ದು. ಬೇಸಿಗೆಯಿಡೀ ಅಕ್ಕ ದಿನವೂ ಪಾದದಿಂದ ನೀರನ್ನು ಅಳೆದು ಅಂಗಡಿಯಲ್ಲಿ ಬರೆದಿಟ್ಟದ್ದು. ಒಂದು ದಿನವಾದರೂ ನಿಜದಿಂದ ಅರ್ಧ ಡಿಗ್ರಿ ಆಚೀಚೆ ಹೋಗಿಲ್ಲ. "ನಿನ್ನ ಪುಸ್ತಕ ತಿದ್ದಬೇಕಾಗಿ ಬಂದ್ರೆ ಇರ್ಲಿ ಅಂತ ಬರೆದೆ" ಎಂದಳು. ಇದು ನನ್ನ ಕೈಗೆ ಸಿಕ್ಕಿದ್ದು ನಿನ್ನೆ.

ವಿ.ಸೂ.: ಈ ಅರ್ಜಿಗೆ ಉತ್ತರ ನೀಡಲು ಕೊನೆಯ ದಿನಾಂಕ: ಹದಿನೆಂಟು ಡಿಗ್ರಿ.